ಅಜ್ಜನ ಗುಡ್ಡೆಗೆ ದಾರಿ



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ನಿಮ್ಮ ತಂದೆಯವರ ಗುಡ್ಡೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಕೂಡಲೇ ಕೈ ತೋರಿಸುತ್ತೀರಿ. ತಾತನದು ಕೇಳಿದರೆ ಸ್ವಲ್ಪ ಯೋಚಿಸಿ, ‘ಹಳ್ಳದ ಹತ್ತಿರ ಹುಣಸೇಮರ ಇತ್ತಲ್ಲ, ಅದರ ಪಕ್ಕ’ ಎನ್ನುತ್ತೀರಿ. ಮುತ್ತಾತನದು ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೇವೆ. ಮುತ್ತಜ್ಜಿಯದು ಕೇಳಿದರಂತೂ ಗುಡ್ಡೆಯ ಮಾತಿರಲಿ, ಹೆಸರೇ ಬಾಯಿಗೆ ಬರುವುದಿಲ್ಲ.

ಇದು ಯಾರನ್ನೂ ಹೀಯಾಳಿಸಲು ಹೇಳುವ ಮಾತಲ್ಲ. ಮೂರು ವರ್ಷದ ಹಿಂದಿನವರೆಗೆ ನಾನೂ ಹಾಗೆಯೇ ಇದ್ದವನು. ನಮ್ಮ ದೊಡ್ಡಪ್ಪನವರು ಲಿಂಗೈಕ್ಯರಾಗುವ ಮುನ್ನ ಒಂದು ಮಾತು ಹೇಳಿದರು: ‘ನಮ್ಮ ತಾತನ ಗುಡ್ಡೆ ಹಾಸನೂರಿನ ಹತ್ತಿರ ನಮ್ಮ ಕೆಳಗಿನ ಹೊಲದಲ್ಲಿದೆ. ಪ್ರತಿ ಮಾರ್ನಮಿಗೂ ನಮ್ಮಪ್ಪ ಹೋಗಿ ದೀಪ ಹಚ್ಚಿ ಬರುತ್ತಿದ್ದ. ಹೊಲ ಮಾರಿದ ಮೇಲೆ ಹೋಗುವುದು ನಿಂತುಹೋಯಿತು. ಯಾರಾದರೂ ಒಂದು ಸಲ ನೋಡಿಕೊಂಡು ಬನ್ನಿ.’ ಹಿರಿಯರ ಮಾತು ಎಂದು ಹೊರಟೆ. ಹುಡುಕಲು ಹೋದದ್ದು ಒಂದು ಕಲ್ಲನ್ನು. ಕಂಡದ್ದು ಬೇರೊಂದು. ಆ ವಿಚಾರವನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ, ನಮ್ಮ ಜನರಿಗೆ ಈ ಹುಡುಕಾಟ ಏಕೆ ಕಷ್ಟ ಎಂಬುದನ್ನು ನೋಡೋಣ. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ. ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಭೂಮಿತಾಯಿಗೆ ಒಪ್ಪಿಸುತ್ತೇವೆ. ಗಂಡಿಗೂ ಹೆಣ್ಣಿಗೂ, ಸಾವಿರ ಎಕರೆಯ ಒಡೆಯನಿಗೂ ಕೂಲಿಯವನಿಗೂ ಇದೇ ಕ್ರಮ. ಕುಳಿತ ಭಂಗಿಯಾದ್ದರಿಂದ ನಮ್ಮ ಗುಡ್ಡೆ ಆಳುದ್ದ ಇರುವುದಿಲ್ಲ. ಸಾಮಾನ್ಯವಾಗಿ ಚೌಕವಾಗಿ, ಚಿಕ್ಕದಾಗಿ ಇರುತ್ತದೆ. ನಾಲ್ಕು ಮಳೆಗಾಲ ಕಳೆದರೆ ಮಣ್ಣು ಕುಸಿದು ನೆಲಸಮವಾಗುತ್ತದೆ. ಅನುಕೂಲವಿದ್ದವರು ಗದ್ದುಗೆ ಕಟ್ಟಿಸಿ ಲಿಂಗ, ನಂದಿ ಇಡಿಸಿದರು. ಇಲ್ಲದವರು ಒಂದು ಕಾಡುಗಲ್ಲು ನೆಟ್ಟು, ಪಕ್ಕದಲ್ಲಿ ಒಂದು ಗಿಡ ಹಾಕಿದರು. ಅದರ ಮೇಲೆ ಅಕ್ಷರ ಕೆತ್ತಿಸಿದವರು ಬಹಳ ಕಡಿಮೆ. 1905ರಲ್ಲಿ ಜೆ.ಜೆ. ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಸಮಾಧಿಶಾಸನಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ಯುರೋಪಿನಿಂದ ಬಂದು ಇಲ್ಲಿ ಸತ್ತ ಸಿಪಾಯಿ, ಅಧಿಕಾರಿಗಳ ಹೆಸರು, ದಿನಾಂಕ ಇಂದಿಗೂ ಅದರಲ್ಲಿ ಸಿಗುತ್ತವೆ. ಅದೇ ಪ್ರಾಂತ್ಯದಲ್ಲಿ ರಾಗಿ ಬೆಳೆದು ಕಂದಾಯ ಕಟ್ಟಿದ ನಮ್ಮ ಮುತ್ತಾತಂದಿರ ಹೆಸರು ಯಾವ ಪಟ್ಟಿಯಲ್ಲಿ ಸಿಕ್ಕೀತು?

ಸ್ವಂತ ಹೊಲದಲ್ಲೇ ಹೂಳುತ್ತಿದ್ದುದು ಎರಡನೆಯ ಕಾರಣ. ಊರಿನ ಸಾರ್ವಜನಿಕ ಸ್ಮಶಾನವಾದರೆ ಸರ್ಕಾರಿ ಲೆಕ್ಕದಲ್ಲಿ ಪೊರಂಬೋಕು ಎಂದು ಬರೆದಿರುತ್ತದೆ. ಮನೆತನದ ಗುಡ್ಡೆ ಹೊಲದೊಳಗೇ ಇರುವುದರಿಂದ ಪಟ್ಟಾ, ಚಿಟ್ಟಾ, ಅಡಂಗಲ್ ಯಾವುದರಲ್ಲೂ ಅದರ ಸುಳಿವು ಸಿಗುವುದು ಅಪರೂಪ. ಅಡಂಗಲ್ಲಿನಲ್ಲಿ ಅಲ್ಲಿ ಏನು ಬೆಳೆ ಎಂದಿರುತ್ತದೆಯೇ ಹೊರತು ಅಲ್ಲಿ ಯಾರು ಮಲಗಿದ್ದಾರೆ ಎಂದಿರುವುದಿಲ್ಲ.

ಗಡಿಯ ತೊಡಕು ಮೂರನೆಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಕಂಪನಿಯ ಕೊಯಮತ್ತೂರಿಗೆ ಸೇರಿತು. 1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾಯಿತು. 2016ರಲ್ಲಿ ತಾಳವಾಡಿ ಬೇರೆ ತಾಲ್ಲೂಕಾಯಿತು. ಹೊಲ ಇದ್ದಲ್ಲೇ ಇದೆ. ಕಾಗದಗಳು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆದಿವೆ. ಸಾಲದ್ದಕ್ಕೆ ಕಾಗದ ತಮಿಳಿನಲ್ಲಿರುತ್ತದೆ. ತಮಿಳು ಲಿಪಿಯಲ್ಲಿ ಬ ಮತ್ತು ಪ, ಗ ಮತ್ತು ಕ, ದ ಮತ್ತು ತ ಇವುಗಳಿಗೆ ಒಂದೊಂದೇ ಅಕ್ಷರ. ಬಸಪ್ಪನೆಂದು ಹುಡುಕುವವರು ಪಸಪ್ಪನೆಂದೂ ಓದಿಕೊಳ್ಳಬೇಕು. ಜೊತೆಗೆ ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮದು. ನಮ್ಮ ಮನೆಯಲ್ಲಿ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು. ಕ್ರಯಪತ್ರದಲ್ಲಿ ಕಂಡ ಹೆಸರು ತಾತನದೋ, ಅವರ ತಾತನದೋ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿ, ಹಳೆಯ ಕ್ರಯಪತ್ರದ ನಕಲು ಪಡೆದು ಓದಿಸಿದೆ. ಅತ್ತೆಯ ಮದುವೆಗಾಗಿ ನಮ್ಮ ತಾತ ಹೊಲ ಮಾರಿದ್ದರು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ ಎಂದೆಲ್ಲ ಇತ್ತು. ಗುಡ್ಡೆಯ ಮಾತೇ ಇರಲಿಲ್ಲ. ತನ್ನ ತಂದೆಯ ಗುಡ್ಡೆಗೆ ಎರಡು ಗುಂಟೆ ಬಿಟ್ಟು ಮಾರುತ್ತೇನೆ ಎಂದು ಒಂದು ಸಾಲು ಬರೆಸಬಹುದಿತ್ತಲ್ಲ ಎಂದು ನನಗೆ ಬೇಸರವಾಯಿತು. ಆಮೇಲೆ ಯೋಚಿಸಿದೆ. ಮಗಳ ಮದುವೆ ಕುದುರಿದೆ, ಕೈಯಲ್ಲಿ ಕಾಸಿಲ್ಲ, ಕೊಳ್ಳುವವರು ಒಬ್ಬರೇ. ಅಂಥ ಹೊತ್ತಿನಲ್ಲಿ ಷರತ್ತು ಹಾಕುವ ಧೈರ್ಯ ಯಾರಿಗೆ ಬಂದೀತು? ಜಮೀನು ಮಾರಿದ ಅನುಭವ ಇದ್ದವರಿಗೆ ಇದು ಅರ್ಥವಾಗುತ್ತದೆ.

ಇಲ್ಲಿ ಕೆಲವರು ಒಂದು ಆಕ್ಷೇಪಣೆ ಎತ್ತಬಹುದು. ಅದು ತಳ್ಳಿಹಾಕುವಂಥದ್ದೂ ಅಲ್ಲ. ‘ಶರಣರು ನಿಂತದ್ದಕ್ಕಿಂತ ನಡೆವುದನ್ನು ದೊಡ್ಡದೆಂದರು. ಲಿಂಗದಲ್ಲಿ ಐಕ್ಯನಾದವನು ಮಣ್ಣಿನಲ್ಲಿ ಇರುವುದೆಂತು? ಕಲ್ಲು ಹುಡುಕುತ್ತ ಅಲೆಯುವುದು ಮತ್ತೆ ಸ್ಥಾವರದ ಪೂಜೆಯೇ ಅಲ್ಲವೇ?’ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆಯಿರಿ. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು, ಭಸ್ಮವನ್ನು ನೀರಿಗೆ ಬಿಡಬೇಕು ಎಂದು ಅವರು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನ ಸೇರಿದರು. ಅವರ ಇಚ್ಛೆಯಂತೆಯೇ ಎಲ್ಲವೂ ನಡೆಯಿತು. ಹೋಗಿ ಕೈಮುಗಿಯಲು ಒಂದು ಗದ್ದುಗೆಯನ್ನೂ ಬಿಡದೆ ಹೋದವರು ಅವರು. ಅವರನ್ನು ಜನ ಮರೆತರೇ?

ಇನ್ನೊಂದು ಕಡೆಯನ್ನೂ ನೋಡಬೇಕು. ಎಡೆಯೂರಿನಲ್ಲಿ ಸಿದ್ಧಲಿಂಗ ಯತಿಗಳ ಗದ್ದುಗೆಗೆ, ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಗೆ, ನಮ್ಮ ಮಲೆಯ ಮಾದಪ್ಪನ ಸನ್ನಿಧಿಗೆ ಜನ ಇಂದಿಗೂ ನಡೆದು ಹೋಗುತ್ತಾರೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ, ನದಿಯ ನಡುವೆ ಅದನ್ನು ಉಳಿಸಿಕೊಂಡರು. ಸ್ಥಾವರ ಬೇಡ ಎಂದವರ ಸ್ಥಾನವನ್ನೇ ನಾವು ನೀರಿನಿಂದ ಕಾಪಾಡಿದ್ದೇವೆ. ಇದು ತಪ್ಪೇ? ನನಗೆ ಹಾಗೆ ತೋರುವುದಿಲ್ಲ.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತಿಳಿಯುವುದು ಇಷ್ಟು. ಗುಡ್ಡೆ ಸತ್ತವರಿಗಾಗಿ ಅಲ್ಲ. ಐಕ್ಯರಾದವರಿಗೆ ಅದರ ಹಂಗಿಲ್ಲ. ನಾವು ದೀಪ ಹಚ್ಚದಿದ್ದರೆ ಅವರು ಪ್ರೇತವಾಗಿ ಅಲೆಯುತ್ತಾರೆ ಎಂಬ ಭಯ ನಮ್ಮ ಧರ್ಮದ್ದಲ್ಲ. ಹಾಗಾದರೆ ಅದು ಯಾರಿಗಾಗಿ? ನಡೆದು ಹೋಗುವವರಿಗಾಗಿ. ‘ಈ ಮಣ್ಣನ್ನು ನನಗಿಂತ ಮುಂಚೆ ಒಬ್ಬರು ಹದ ಮಾಡಿದ್ದರು, ನಾನು ಮೊದಲಿಗನಲ್ಲ’ ಎಂದು ತಿಳಿದು ತಲೆ ತಗ್ಗಿಸಲು. ಕಲ್ಲು ಸ್ಥಾವರವಿರಬಹುದು, ಅದರ ಬಳಿಗೆ ನಡೆಯುವ ಕಾಲು ಜಂಗಮ. ಆ ನಡಿಗೆಯಿಂದ ನಮ್ಮ ನಡತೆ ತಿದ್ದಿದರೆ ಹುಡುಕಾಟ ಸಾರ್ಥಕ, ಇಲ್ಲದಿದ್ದರೆ ವ್ಯರ್ಥ.

ಮತ್ತೆ ಹಾಸನೂರಿಗೆ ಬರುತ್ತೇನೆ. ಹೊಲದ ಈಗಿನ ಯಜಮಾನರ ಮನೆಗೆ ಹೋಗಿ ವಿಷಯ ತಿಳಿಸಿದೆ. ಕಾಫಿ ಕೊಟ್ಟರು, ಮರ್ಯಾದೆಯಿಂದ ಮಾತನಾಡಿಸಿದರು. ಗುಡ್ಡೆಯ ಮಾತು ಬಂದ ಕೂಡಲೇ ಮುಖ ಬಿಗಿಯಾಯಿತು. ‘ಸ್ವಾಮಿ, ಈವತ್ತು ದೀಪ ಹಚ್ಚುತ್ತೀನಿ ಅಂತೀರ. ನಾಳೆ ಕಲ್ಲು ಕಟ್ಟಿಸ್ತೀನಿ ಅಂತೀರ. ನಾಡಿದ್ದು ನಿಮ್ಮ ಮಕ್ಕಳು ಬಂದು ಇದು ನಮ್ಮ ತಾತನ ಜಾಗ ಅಂದ್ರೆ ನಾನು ಕೋರ್ಟು ಅಲೀಬೇಕಾ?’ ಎಂದರು. ಮೊದಲು ನನಗೆ ಕೋಪ ಬಂತು. ದಾರಿಯಲ್ಲಿ ಯೋಚಿಸಿದಾಗ ಅವರ ಮಾತಿನಲ್ಲಿ ತಪ್ಪೇನಿದೆ ಎನಿಸಿತು. ಹಣ ಕೊಟ್ಟು ಕೊಂಡ ಹೊಲ. ಗುಡ್ಡೆಯನ್ನು ನೆವ ಮಾಡಿಕೊಂಡು ಜಮೀನಿಗೆ ಕೈಹಾಕುವ ಜನ ಎಲ್ಲ ಊರಿನಲ್ಲೂ ಇದ್ದಾರೆ. ಅವರ ಭಯ ಸುಳ್ಳು ಭಯವಲ್ಲ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ಯಾರದಾದರೂ ಮನಸ್ಸು ನೋಯಿಸಬೇಕೆಂದು ಅಥವಾ ಧರ್ಮವನ್ನು ಅವಮಾನಿಸಬೇಕೆಂದು ಸಮಾಧಿಸ್ಥಳಕ್ಕೆ ಅತಿಕ್ರಮಿಸುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಲ್ಲಿ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ ಅದು 297ನೇ ಕಲಮು. ಆದರೆ ಗೊತ್ತಿಲ್ಲದೆ ಟ್ರ್ಯಾಕ್ಟರ್ ಹೊಡೆದವನಿಗೆ ಅದು ಅನ್ವಯಿಸದು, ಉದ್ದೇಶವೋ ಅರಿವೋ ಇರಬೇಕು. ಅಮೆರಿಕದ ವರ್ಜೀನಿಯಾದಂಥ ರಾಜ್ಯಗಳಲ್ಲಿ ಹಳೆಯ ಮನೆತನಗಳ ಸ್ಮಶಾನಗಳು ಹೀಗೆಯೇ ಮಾರಾಟವಾದ ಹೊಲಗಳೊಳಗೆ ಸೇರಿಕೊಂಡಿವೆ. ಅಲ್ಲಿ ಸತ್ತವರ ವಂಶಸ್ಥರು ಮುಂಚಿತವಾಗಿ ತಿಳಿಸಿ, ಸರಿಯಾದ ಹೊತ್ತಿನಲ್ಲಿ ಬಂದರೆ ಜಮೀನಿನ ಒಡೆಯ ದಾರಿ ಬಿಡಬೇಕೆಂದು ಕಾನೂನೇ ಹೇಳುತ್ತದೆ. ಬಂದವರಿಗೆ ನೋಡುವ ಹಕ್ಕುಂಟು, ನೆಲದ ಹಕ್ಕಿಲ್ಲ. ನೆನಪು ಬೇರೆ, ಒಡೆತನ ಬೇರೆ ಎಂಬ ಈ ವಿವೇಕಕ್ಕೆ ನಾವು ಕಾನೂನಿಗಾಗಿ ಕಾಯಬೇಕಾಗಿಲ್ಲ.

ಮಾರನೆಯ ದಿನ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ‘ವರ್ಷಕ್ಕೊಂದು ದಿನ, ಬೆಳೆ ತುಳಿಯದಂತೆ ಬದುವಿನ ಮೇಲೆ ಬಂದು ದೀಪ ಹಚ್ಚಿ ಹೋಗುತ್ತೇವೆ. ಏನನ್ನೂ ಕಟ್ಟುವುದಿಲ್ಲ. ಈ ಜಮೀನಿನ ಮೇಲೆ ನಮಗಾಗಲಿ ನಮ್ಮ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲ’ ಎಂದು ಬರೆದು, ಅಣ್ಣತಮ್ಮಂದಿರೆಲ್ಲ ರುಜು ಹಾಕಿದ್ದೆವು. ಯಜಮಾನರು ಎರಡು ಸಲ ಓದಿಸಿಕೊಂಡರು. ಆಮೇಲೆ ನಕ್ಕು, ‘ಇದನ್ನ ಮೊದಲೇ ಹೇಳಬಾರದಾ? ಬನ್ನಿ’ ಎಂದರು.

ಹೊಲಕ್ಕೇನೋ ಹೋದೆವು, ಗುಡ್ಡೆ ಯಾವುದು? ಮುಸುಕಿನ ಜೋಳ ಆಳೆತ್ತರ ಬೆಳೆದಿತ್ತು. ಬದುವಿನ ಬಳಿ ಮೂರು ಕಲ್ಲು ಕಂಡವು. ಒಂದು ಸರ್ವೆ ಕಲ್ಲು. ಮತ್ತೊಂದರ ಮೇಲೆ ಲಿಂಗದ ಗುರುತಿತ್ತು. ನಾನು ಸಂತೋಷದಿಂದ ಕೈಮುಗಿಯಲು ಹೋದೆ. ಜೊತೆಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ತಡೆದರು. ಹಳೆಯ ಕಾಲದಲ್ಲಿ ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದರು. ಲಿಂಗವಿದ್ದ ಮಾತ್ರಕ್ಕೆ ಸಮಾಧಿಯಾಗದು ಎಂದರು. ನಮ್ಮ ಕಡೆ ವೀರಪ್ಪನ್ ಕಾಲದಲ್ಲಿ, ಅಂದರೆ 2004ರವರೆಗೆ, ಕಾಡಂಚಿನ ಹೊಲಗಳ ಕಡೆ ಸುಳಿಯಲು ಜನ ಹೆದರುತ್ತಿದ್ದರು. ಅಷ್ಟು ವರ್ಷ ಯಾರೂ ಹೋಗದಿದ್ದ ಮೇಲೆ ಗುರುತು ಹೇಳುವವರಾದರೂ ಯಾರು?

ಹೇಳುವವರು ಒಬ್ಬರಿದ್ದರು. ಆ ಹೊಲದಲ್ಲಿ ತಲೆಮಾರುಗಳಿಂದ ದುಡಿದ ಮನೆಯ ಮುದುಕರೊಬ್ಬರನ್ನು ಯಜಮಾನರೇ ಕರೆಸಿದರು. ನಮ್ಮ ಜಾತಿಯವರಲ್ಲ, ಹೊಲಗೇರಿಯವರು. ಅವರು ಬಂದು ಬದುವಿನ ಮೇಲೆ ನಿಂತು, ಹೊಂಗೆಮರವನ್ನು ನೋಡಿ, ಹಳ್ಳದ ಕಡೆಗೆ ಹತ್ತು ಹೆಜ್ಜೆ ಹಾಕಿದರು. ಜೋಳದ ಸಾಲು ಸರಿಸಿ ಮೂರನೆಯ ಕಲ್ಲನ್ನು ತೋರಿಸಿದರು. ‘ಇದೇ ಬುದ್ಧಿ. ಗುಂಡಿ ತೋಡಿದ್ದು ನಮ್ಮಪ್ಪ. ಅವನು ನಂಗೆ ತೋರ್ಸಿದ್ದ’ ಎಂದರು. ಕಚೇರಿಯ ಕಾಗದದಲ್ಲಿ ಇಲ್ಲದ್ದು, ನಮ್ಮ ಮನೆಯವರೂ ಮರೆತದ್ದು, ಗುಂಡಿ ತೋಡಿದವನ ಮಗನ ನೆನಪಿನಲ್ಲಿ ಉಳಿದಿತ್ತು. ನಾವು ದೀಪ ಹಚ್ಚಿದೆವು.

ಹಿಂದಿರುಗುವಾಗ ಆ ಹಿರಿಯರು ನನ್ನ ಜೊತೆ ಸ್ವಲ್ಪ ದೂರ ಬಂದರು. ಹೇಳಲೋ ಬೇಡವೋ ಎಂಬಂತೆ ನಿಂತು ಹೇಳಿದರು: ‘ನಿಮ್ಮ ತಾತನ ತಾವ್ಕೆ ಹೋಗಾಕೆ ಇವ್ರು ದಾರಿ ಬುಟ್ರು. ನಮ್ಮ ಗುಡ್ಡೆಗೆ ಹೋಗೋ ದಾರಿಗೆ ಬೇಲಿ ಬಿದ್ದದೆ ಬುದ್ಧಿ. ಮಳೇಲಿ ಹೆಣ ಹೊತ್ಕಂಡು ಹಳ್ಳ ಹಾಯ್ಬೇಕು. ಬೇಲಿ ಹಾಕಿರೋರು ನಿಮ್ಮ ನೆಂಟ್ರೇಯ. ಒಂದ್ ಮಾತು ಹೇಳ್ತೀರಾ?’

ಬಂಧುಗಳೇ, ನಿಜ ಹೇಳುತ್ತೇನೆ, ಆಗ ನನಗೆ ಮಾತೇ ಹೊರಡಲಿಲ್ಲ. ನೂರು ವರ್ಷದ ಹಿಂದಿನ ಗುಡ್ಡೆಗೆ ದಾರಿ ಕೇಳಿಕೊಂಡು ನಾನು ಎರಡು ರಾಜ್ಯ ಸುತ್ತಿದ್ದೆ. ಮೊನ್ನೆ ಸತ್ತವರಿಗೆ ದಾರಿ ಇಲ್ಲದ್ದು, ಅದೂ ನಮ್ಮವರಿಂದಲೇ ಇಲ್ಲದ್ದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಇದೇ ತಮಿಳುನಾಡಿನ ವಾಣಿಯಂಬಾಡಿಯ ಬಳಿ, ಹೊಲದ ಮೂಲಕ ಸ್ಮಶಾನಕ್ಕೆ ಹೋಗಲು ಬಿಡದೆ, ದಲಿತರೊಬ್ಬರ ಶವವನ್ನು ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿ ಇಳಿಸಬೇಕಾಯಿತು. ಮದ್ರಾಸ್ ಹೈಕೋರ್ಟ್ ಅದನ್ನು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಪತ್ರಿಕೆಯಲ್ಲಿ ಓದಿ ‘ಎಂಥ ಜನ’ ಎಂದು ಮರುಗಿದವರಲ್ಲಿ ನಾನೂ ಒಬ್ಬ. ನಮ್ಮ ನೆಂಟರ ಬೇಲಿ ಆಗಲೂ ಅಲ್ಲೇ ಇತ್ತು.

ನೆಂಟರ ಮನೆಗೆ ಹೋದೆ. ‘ಹೆಣ ಹೋದರೆ ಹೊಲಕ್ಕೆ ಮೈಲಿಗೆ’ ಎಂದರು ಮನೆಯ ಹಿರಿಯರು. ನಾನು ಕೇಳಿದೆ: ಮಾವ, ಪಂಚಸೂತಕಗಳನ್ನು ಒಪ್ಪದ ಧರ್ಮ ನಮ್ಮದು. ಜನನ ಸೂತಕ, ಮರಣ ಸೂತಕ, ಜಾತಿ ಸೂತಕ ಒಂದೂ ಇಲ್ಲವೆಂದು ಮಠದಲ್ಲಿ ಕೂತು ಕೇಳುತ್ತೇವೆ. ನಮ್ಮ ಹೆಣವನ್ನು ಹೊಲದ ನಡುವೆಯೇ ಹೂತು, ಅದೇ ಹೊಲದ ರಾಗಿ ಉಣ್ಣುತ್ತೇವೆ. ನಮ್ಮವರು ಮಲಗಿದರೆ ಗದ್ದುಗೆ, ಅವರವರು ಹಾದುಹೋದರೆ ಮೈಲಿಗೆ, ಇದು ಯಾವ ಲೆಕ್ಕ? ಅವರು ಬೇಗ ಒಪ್ಪಲಿಲ್ಲ. ಬೆಳೆಯ ನಷ್ಟದ ಮಾತು ಬಂತು, ಪಕ್ಕದ ಹೊಲದವರು ಬಿಡಲಿ ಎಂಬ ಮಾತು ಬಂತು. ಕೊನೆಗೆ ‘ಸಾವಾದ ದಿನ ಬೇಲಿ ತೆಗೆಸುತ್ತೇನೆ, ಕಾಯಂ ದಾರಿ ಎಂದು ಬರೆದುಕೊಡಲಾರೆ’ ಎಂದರು. ಅಷ್ಟಕ್ಕೇ ನಿಂತಿದೆ. ಅದು ಸಾಲದು. ಪ್ರತಿ ಸಲವೂ ಇನ್ನೊಬ್ಬರ ದಯೆಗೆ ಕಾಯುವ ದಾರಿ ದಾರಿಯಲ್ಲ. ಆದರೂ ಹೋದ ಮಳೆಗಾಲದಲ್ಲಿ ಒಂದು ಸಲ ಬೇಲಿ ತೆರೆಯಿತೆಂದು ಕೇಳಿದೆ.

ನನ್ನ ಹುಡುಕಾಟದಿಂದ ನಾನು ಕಲಿತ ಧರ್ಮಸೂಕ್ಷ್ಮ ಇಷ್ಟೇ: ನನ್ನ ಸತ್ತವರಿಗಾಗಿ ಇನ್ನೊಬ್ಬರ ಹೊಲದಲ್ಲಿ ಏನನ್ನು ಬೇಡುತ್ತೇನೋ, ಅದನ್ನು ಇನ್ನೊಬ್ಬರ ಸತ್ತವರಿಗಾಗಿ ನನ್ನ ಹೊಲದಲ್ಲಿ ನಾನು ಕೊಡಬೇಕು. ಕೊಡಲಾರದಿದ್ದರೆ ಬೇಡುವ ಬಾಯಿಯೂ ನನಗಿಲ್ಲ.

ಕೊನೆಯದಾಗಿ, ಕೈಲಾಗುವ ಕೆಲವು ಕೆಲಸ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ವಾರವೇ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಯಾರ ಗುಡ್ಡೆ ಎಲ್ಲಿ ಎಂದು ಕೇಳಿ ಬರೆದಿಡಿ. ಹೆಣ್ಣುಮಕ್ಕಳ ಹೆಸರನ್ನು ತಪ್ಪದೆ ಬರೆಯಿರಿ. ಮರ ಬೀಳುತ್ತದೆ, ಬದು ಸರಿಯುತ್ತದೆ. ಆದ್ದರಿಂದ ಸರ್ವೆ ಕಲ್ಲಿನಿಂದ ಎಷ್ಟು ಅಡಿ ಎಂದು ಅಳೆದು ಗುರುತು ಹಾಕಿ. ಜಮೀನು ಮಾರುವಾಗ ಗುಡ್ಡೆಗೆ ಹೋಗಿಬರುವ ಒಂದು ಸಾಲನ್ನು ಕ್ರಯಪತ್ರದಲ್ಲಿ ಸೇರಿಸಿ. ಕೊಳ್ಳುವಾಗ ‘ಇಲ್ಲಿ ಯಾರ ಗುಡ್ಡೆ ಇದೆ’ ಎಂದು ನೀವೇ ಕೇಳಿ. ಇನ್ನು ಮುಂದೆ ಹೂಳುವಾಗ ತಮಿಳುನಾಡಿನ ಹಳ್ಳಿಗಳಲ್ಲಿ 1999ರ ನಿಯಮಗಳಂತೆ ನೋಂದಣಿಯಾದ ಅಥವಾ ಪರವಾನಗಿ ಪಡೆದ ಜಾಗವೇ ಆಗಬೇಕೆಂಬುದು ನೆನಪಿರಲಿ. ನಿಮ್ಮ ಹೊಲದ ಅಂಚಿನಲ್ಲಿ ಯಾರದೇ ಗುಡ್ಡೆಗೆ ಹೋಗುವ ಕಾಲುದಾರಿ ಇದ್ದರೆ, ನಾಲ್ಕು ಜನ ಹೆಗಲು ಕೊಟ್ಟು ನಡೆಯುವಷ್ಟು ಅಗಲ ಬಿಡಿ. ಹೋಗುವುದು ಒಂದು ಸಾಲು ಜೋಳ.

ಮುಂದಿನ ಮಾರ್ನಮಿಗೆ ನಾನು ಮತ್ತೆ ಹಾಸನೂರಿಗೆ ಹೋಗುತ್ತೇನೆ. ಮೊದಲು ಆ ಬೇಲಿಯ ಬಳಿಗೆ, ಆಮೇಲೆ ತಾತನ ಬಳಿಗೆ.